ಒಳಗಿನ ಆಸ್ತಿ, ಹೊರಗಿನ ಹೆಗಲು: ನೈರೋಬಿಯ ಕಂಪನಿಗಳು ಬೆಳೆದ ಬಗೆ

2010ರಲ್ಲಿ ಭಾರ್ತಿ ಏರ್‌ಟೆಲ್ 1,070 ಕೋಟಿ ಡಾಲರ್ ತೆತ್ತು ಝೈನ್ ಕಂಪನಿಯಿಂದ ಆಫ್ರಿಕಾದ 15 ದೇಶಗಳ ಮೊಬೈಲ್ ಜಾಲವನ್ನು ಕೊಂಡುಕೊಂಡಿತು. ಆಫ್ರಿಕಾ ವಹಿವಾಟಿನ ಮುಖ್ಯ ಕಚೇರಿಯನ್ನು ನೈರೋಬಿಯಲ್ಲಿ ತೆರೆಯಿತು. ಭಾರತದಲ್ಲಿ ಗೆದ್ದುಕೊಟ್ಟ ಸೂತ್ರವನ್ನೇ ಅಲ್ಲಿಯೂ ಹೂಡಿ, ಕೆಲವೇ ತಿಂಗಳಲ್ಲಿ ಕೆನ್ಯಾದ ಕರೆ ದರವನ್ನು ನಿಮಿಷಕ್ಕೆ 3 ಶಿಲ್ಲಿಂಗಿಗೆ ಇಳಿಸಿತು. ಜನ ಖುಷಿಪಟ್ಟರು. ಆದರೆ ಅಲ್ಲಿನ ಪ್ರತಿಸ್ಪರ್ಧಿ ಸಫಾರಿಕಾಂ ಕೂತಿದ್ದ ಮೊದಲ ಸ್ಥಾನ ಕದಲಲಿಲ್ಲ, ಇವತ್ತಿಗೂ ಕದಲಿಲ್ಲ. ಏಕೆಂದರೆ ಆ ಹೊತ್ತಿಗೆ ಸಫಾರಿಕಾಂ ತನ್ನ ಗ್ರಾಹಕರನ್ನು ಕಟ್ಟಿಹಾಕಿದ್ದು ಕರೆಯ ದರದಿಂದಲ್ಲ. ಮೂರು ವರ್ಷ ಮೊದಲೇ, ತನ್ನ ಬಳಿ ಇದ್ದ ರೀಚಾರ್ಜ್ ಅಂಗಡಿಗಳಿಗೆ ಅದು ಎರಡನೆಯ ಕಸುಬೊಂದನ್ನು ಕಲಿಸಿತ್ತು.

ಒಂದು ಕಂಪನಿ ಕೊಳ್ಳುವುದರಿಂದ ಬೆಳೆಯಲು ಹೊರಟಿತು, ಇನ್ನೊಂದು ಇದ್ದುದನ್ನೇ ಹೊಸದಾಗಿ ದುಡಿಸಿಕೊಂಡು ಬೆಳೆಯಿತು. ಆಂತರಿಕ ಸಂಪನ್ಮೂಲದಿಂದ ಕಂಪನಿಗಳು ಬೆಳೆಯುವ ಪ್ರಶ್ನೆಯನ್ನು ಪರಿಶೀಲಿಸಲು ನೈರೋಬಿಯಷ್ಟು ಒಳ್ಳೆಯ ಊರು ಕಡಿಮೆ. ಗೆದ್ದ ಕಥೆಗಳೂ ಮುಗ್ಗರಿಸಿದ ಕಥೆಗಳೂ ಅಲ್ಲಿ ಒಂದೇ ರಸ್ತೆಯ ಎರಡು ಬದಿಯಲ್ಲಿ ಸಿಗುತ್ತವೆ. ಅವನ್ನು ಒಟ್ಟಿಗಿಟ್ಟು ನೋಡಿದಾಗ ನನ್ನನ್ನು ಕಾಡುವ ಪ್ರಶ್ನೆ ಮಾತ್ರ ಬೇರೆ: ಕಂಪನಿಗಳು ‘ನಮ್ಮದು’ ಎಂದು ದುಡಿಸಿಕೊಳ್ಳುವ ಈ ಸಂಪನ್ಮೂಲ ನಿಜಕ್ಕೂ ಯಾರದು?

ವಿಷಯದ ಬುಡದಲ್ಲಿ ಎಡಿತ್ ಪೆನ್‌ರೋಸ್ ಎಂಬ ಅರ್ಥಶಾಸ್ತ್ರಜ್ಞೆ ಇದ್ದಾರೆ. 1959ರಲ್ಲಿ ಬಂದ ಅವರ ‘ದಿ ಥಿಯರಿ ಆಫ್ ದಿ ಗ್ರೋತ್ ಆಫ್ ದಿ ಫರ್ಮ್’ ಪುಸ್ತಕ, ಕಂಪನಿಯೆಂದರೆ ಬೆಲೆ ಮತ್ತು ಉತ್ಪಾದನೆಯ ರೇಖಾಚಿತ್ರ ಎನ್ನುತ್ತಿದ್ದ ಕಾಲದಲ್ಲಿ ಅದನ್ನು ಸಂಪನ್ಮೂಲಗಳ ಒಂದು ಕಟ್ಟು ಎಂದು ನೋಡಿತು. ಯಂತ್ರ, ಜಾಗ, ಹಣ, ಜನ, ಜನರ ಅನುಭವ ಎಲ್ಲವೂ ಆ ಕಟ್ಟಿನಲ್ಲಿವೆ. ಅವುಗಳಲ್ಲಿ ಒಂದಲ್ಲ ಒಂದು ಯಾವಾಗಲೂ ಪೂರ್ತಿ ಕೆಲಸವಿಲ್ಲದೆ ಉಳಿದಿರುತ್ತದೆ. ಆ ಉಳಿಕೆಯೇ ಮುಂದಿನ ಬೆಳವಣಿಗೆಯ ಬೀಜ ಎಂಬುದು ಪೆನ್‌ರೋಸ್ ವಾದ. ಬೆಳವಣಿಗೆಯ ವೇಗಕ್ಕೆ ಕಡಿವಾಣ ಹಾಕುವುದು ಹಣಕ್ಕಿಂತ ಹೆಚ್ಚಾಗಿ ಅದನ್ನು ನಡೆಸಬಲ್ಲ ಅನುಭವಸ್ಥರ ಕೊರತೆ ಎಂದೂ ಅವರು ಹೇಳಿದರು. ಮುಂದೆ 1984ರಲ್ಲಿ ಬಿರ್ಗರ್ ವರ್ನರ್‌ಫೆಲ್ಟ್, 1991ರಲ್ಲಿ ಜೇ ಬಾರ್ನಿ ಇದನ್ನು ವ್ಯವಹಾರ ತಂತ್ರದ ಶಾಸ್ತ್ರವಾಗಿ ಬೆಳೆಸಿದರು. ಇತರರು ಸುಲಭವಾಗಿ ನಕಲು ಮಾಡಲಾಗದ ಸಂಪನ್ಮೂಲವೇ ನಿಜವಾದ ಬಲ ಎಂಬುದು ಬಾರ್ನಿಯ ಒತ್ತು. ನಡುವೆ 1990ರಲ್ಲಿ ಸಿ.ಕೆ. ಪ್ರಹ್ಲಾದ್ ಮತ್ತು ಗ್ಯಾರಿ ಹ್ಯಾಮೆಲ್ ‘ಕೋರ್ ಕಾಂಪಿಟೆನ್ಸ್’ ಎಂಬ ಮಾತನ್ನು ಕೊಟ್ಟರು. ಆಮೇಲೆ ಅದು ಪ್ರತಿ ಕಚೇರಿಯ ಗೋಡೆ ಏರಿ ಸವೆದುಹೋಯಿತು.

ನಮ್ಮಲ್ಲಿ ಸ್ವಂತ ಬಲದಿಂದ ಬೆಳೆಯುವುದೆಂದರೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಮಿತವ್ಯಯದ ಬುದ್ಧಿವಾದ ನೆನಪಾಗುತ್ತದೆ. ಪೆನ್‌ರೋಸ್ ಹೇಳುವುದು ಅದಕ್ಕಿಂತ ತುಂಟತನದ ಮಾತು: ಹಾಸಿಗೆಯ ಒಂದು ಮೂಲೆ ಮಡಚಿಕೊಂಡು ಬಿದ್ದಿದೆ, ಅದನ್ನು ಬಿಡಿಸಿ ನೋಡಿದ್ದೀರಾ?

ಕೆನ್ಯಾದಲ್ಲಿ ಈ ಮೂಲೆಯನ್ನು ಹುಡುಕುವುದು ಅಭಿರುಚಿಯ ವಿಷಯವಲ್ಲ, ಅನಿವಾರ್ಯ. ಅಲ್ಲಿ ಸಾಲ ದುಬಾರಿ. 2011ರ ಕೊನೆಗೆ ಕೇಂದ್ರ ಬ್ಯಾಂಕ್ ತನ್ನ ದರವನ್ನು ಶೇ. 18ಕ್ಕೆ ಏರಿಸಿದಾಗ ವ್ಯಾಪಾರಿಗಳಿಗೆ ಬ್ಯಾಂಕ್ ಸಾಲ ಶೇ. 20 ದಾಟಿತು. 2016ರ ಸೆಪ್ಟೆಂಬರಿನಲ್ಲಿ ಸಂಸತ್ತು ಬಡ್ಡಿಗೆ ಮಿತಿ ಹಾಕಿತು. ಬ್ಯಾಂಕುಗಳು ಸಣ್ಣ ಉದ್ಯಮಗಳಿಗೆ ಬೆನ್ನು ತಿರುಗಿಸಿ ಸರ್ಕಾರಿ ಸಾಲಪತ್ರಗಳಲ್ಲಿ ಹಣ ತೊಡಗಿಸಿದವು. 2019ರ ನವೆಂಬರಿನಲ್ಲಿ ಆ ಮಿತಿ ರದ್ದಾಯಿತು. ನೈರೋಬಿಯ ಷೇರುಪೇಟೆ 1954ರಷ್ಟು ಹಳೆಯದಾದರೂ ಹೊಸ ಕಂಪನಿಗಳು ಅಲ್ಲಿಗೆ ಬರುವುದು ಅಪರೂಪ. ಇಂಥ ಊರಿನಲ್ಲಿ ಬೆಳೆಯಬೇಕಾದರೆ ಲಾಭವನ್ನು ಮತ್ತೆ ಹೂಡಬೇಕು, ಇಲ್ಲವೇ ಇರುವ ಆಸ್ತಿಯಿಂದ ಎರಡು ಕೆಲಸ ತೆಗೆಯಬೇಕು.

ಎರಡು ಕೆಲಸ ತೆಗೆದವರಲ್ಲಿ ಸಫಾರಿಕಾಂ ಮೊದಲನೆಯದು. ಮೈಕೆಲ್ ಜೋಸೆಫ್ 2000ದಲ್ಲಿ ಅದರ ಚುಕ್ಕಾಣಿ ಹಿಡಿದಾಗ ಪ್ರತಿಸ್ಪರ್ಧಿ ಕೆನ್‌ಸೆಲ್ ನಿಮಿಷದ ಲೆಕ್ಕದಲ್ಲಿ ಹಣ ಪಡೆಯುತ್ತಿತ್ತು. ಸಫಾರಿಕಾಂ ಸೆಕೆಂಡಿನ ಲೆಕ್ಕಕ್ಕೆ ಬಂತು. ಎರಡು ಮಾತಾಡಿ ಇಡುವ ಬಡವರಿಗೆ ಇದು ಹಿಡಿಸಿತು. ಗೀಚಿ ತುಂಬಿಸುವ ರೀಚಾರ್ಜ್ ಕಾರ್ಡು ಮಾರುವ ಅಂಗಡಿಗಳು ಊರೂರಿಗೆ ಹಬ್ಬಿದವು. ಆ ಅಂಗಡಿಯವರು ದಿನವಿಡೀ ನಗದು ಎಣಿಸುವವರು, ಓಣಿಯ ಮುಖಗಳನ್ನು ಬಲ್ಲವರು, ಕಂಪನಿಯ ವಿತರಕರೊಂದಿಗೆ ನಿತ್ಯ ಲೆಕ್ಕ ಇಟ್ಟುಕೊಂಡವರು. ಕಾರ್ಡು ಮಾರುವುದಕ್ಕೆ ಇಷ್ಟೆಲ್ಲ ಅರ್ಹತೆ ಬೇಕಿರಲಿಲ್ಲ. ಅಂದರೆ ಒಂದು ದೊಡ್ಡ ಸಾಮರ್ಥ್ಯ ಪೂರ್ತಿ ದುಡಿಯದೆ ಕೂತಿತ್ತು.

ಅದಕ್ಕೆ ಕೆಲಸ ಕೊಟ್ಟ ಯೋಚನೆ ಹುಟ್ಟಿದ್ದು ಮಾತ್ರ ನೈರೋಬಿಯಲ್ಲಲ್ಲ. ಸಫಾರಿಕಾಂನ ಪಾಲುದಾರ ಕಂಪನಿಯಾದ ಬ್ರಿಟನ್ನಿನ ವೊಡಾಫೋನಿನಲ್ಲಿದ್ದ ನಿಕ್ ಹ್ಯೂಸ್, ಸೂಸಿ ಲೋನಿ ಅವರು ಬ್ರಿಟಿಷ್ ಸರ್ಕಾರದ ಅಭಿವೃದ್ಧಿ ನಿಧಿಯ ನೆರವು ಪಡೆದು 2005ರಲ್ಲಿ ಫೌಲು ಎಂಬ ಕಿರುಸಾಲ ಸಂಸ್ಥೆಯೊಂದಿಗೆ ಪ್ರಯೋಗ ಆರಂಭಿಸಿದರು. ಸಾಲಗಾರರು ಫೋನಿನಿಂದಲೇ ಕಂತು ಕಟ್ಟಲಿ ಎಂಬುದು ಉದ್ದೇಶ. ಪ್ರಯೋಗಕ್ಕೆ ಸಿಕ್ಕ ಜನ ಆ ಉದ್ದೇಶವನ್ನು ಬದಿಗಿಟ್ಟು ಒಬ್ಬರಿಗೊಬ್ಬರು ಹಣ ಕಳಿಸತೊಡಗಿದರು. ನಗರದಲ್ಲಿ ದುಡಿದು ಹಳ್ಳಿಗೆ ಹಣ ಕಳಿಸುವುದು ನೈರೋಬಿಯ ಅರ್ಧ ಬದುಕು. ಬಸ್ ಚಾಲಕರ ಕೈಗೋ ಊರಿಗೆ ಹೊರಟ ನೆಂಟರ ಕೈಗೋ ಲಕೋಟೆ ಕೊಡುವುದು ರೂಢಿಯಾಗಿತ್ತು. ಸಫಾರಿಕಾಂ ಕಂತಿನ ಮಾತನ್ನು ಬಿಟ್ಟು, ಮನೆಗೆ ಹಣ ಕಳಿಸಿ ಎಂಬ ಒಂದೇ ಮಾತನ್ನು ಹಿಡಿದು 2007ರ ಮಾರ್ಚಿನಲ್ಲಿ ಎಂ-ಪೆಸಾ ಎಂಬ ಸೇವೆಯನ್ನು ದೇಶಕ್ಕೆಲ್ಲ ಬಿಟ್ಟಿತು. ವರ್ಷ ತುಂಬುವ ಮೊದಲೇ ಗ್ರಾಹಕರು ಹತ್ತು ಲಕ್ಷ ದಾಟಿದರು. ಈಚಿನ ವರ್ಷಗಳಲ್ಲಿ ಕಂಪನಿಯ ಸೇವಾ ಆದಾಯದ ಶೇ. 40ಕ್ಕೂ ಹೆಚ್ಚು ಬರುತ್ತಿರುವುದು ಇದರಿಂದಲೇ.

ಅಂಗಡಿಯಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಏಜೆಂಟ್ ಆಗಬೇಕಾದವನು ಮೊದಲು ತನ್ನ ಹಣವನ್ನು ಬ್ಯಾಂಕಿಗೆ ಕಟ್ಟಿ, ಅಷ್ಟೇ ಮೊತ್ತದ ಎಂ-ಪೆಸಾ ಹಣವನ್ನು ತನ್ನ ಫೋನಿಗೆ ತುಂಬಿಸಿಕೊಳ್ಳುತ್ತಾನೆ. ಇದಕ್ಕೆ ಫ್ಲೋಟ್ ಎನ್ನುತ್ತಾರೆ. ಗ್ರಾಹಕ ನಗದು ಕೊಟ್ಟರೆ ಫೋನಿನ ಹಣ ಇಳಿದು ಗಲ್ಲಾಪೆಟ್ಟಿಗೆ ತುಂಬುತ್ತದೆ, ನಗದು ಕೇಳಿದರೆ ಪೆಟ್ಟಿಗೆ ಖಾಲಿಯಾಗಿ ಫೋನು ತುಂಬುತ್ತದೆ. ಸಂಬಳದ ದಿನ ನಗರದ ಅಂಗಡಿಯಲ್ಲಿ ನಗದಿನ ರಾಶಿ, ಅದೇ ಸಂಜೆ ಹಳ್ಳಿಯ ಅಂಗಡಿಯಲ್ಲಿ ನಗದಿನ ಬರ. ಇವೆರಡನ್ನು ಸರಿದೂಗಿಸಲು ಬ್ಯಾಂಕಿಗೂ ಅಂಗಡಿಗೂ ಓಡಾಡುವವನು, ದಾರಿಯಲ್ಲಿ ಕಳ್ಳರ ಭಯ ಹೊತ್ತವನು, ಖೋಟಾ ನೋಟು ಬಂದರೆ ನಷ್ಟ ತಿನ್ನುವವನು ಏಜೆಂಟನೇ. ಅವನಿಗೆ ಸಿಗುವುದು ಕಮಿಷನ್. ಇಂಥ ಏಜೆಂಟರು ಇಂದು ಎರಡು ಲಕ್ಷಕ್ಕೂ ಹೆಚ್ಚು. ಸಫಾರಿಕಾಂ ‘ನಮ್ಮ ಜಾಲ’ ಎನ್ನುವ ಈ ಆಸ್ತಿಗೆ ದಿನನಿತ್ಯದ ದುಡಿಯುವ ಬಂಡವಾಳ ಹಾಕಿರುವವರು ಕಂಪನಿಯ ಹೊರಗಿನವರು.

ಕನ್ನಡದ ಓದುಗರಿಗೆ ಇಲ್ಲಿ ಉಡುಪಿ ನೆನಪಾಗದೆ ಇರದು. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು 1925ರಲ್ಲಿ 8,000 ರೂಪಾಯಿಯ ಬಂಡವಾಳದೊಂದಿಗೆ ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುವ ಏಜೆಂಟ್ ಆ ಬ್ಯಾಂಕಿನ ಬೆಳವಣಿಗೆಯ ಕಾಲಾಳು. ಅಲ್ಲಿಯೂ ಊರಿನ ಪರಿಚಯವೇ ಆಸ್ತಿ, ಆ ಪರಿಚಯ ಇದ್ದದ್ದು ಏಜೆಂಟನ ತಲೆಯಲ್ಲಿ. ಎಂಬತ್ತು ವರ್ಷಗಳ ಅಂತರದಲ್ಲಿ ಎರಡು ಸಮುದ್ರತೀರದ ದೇಶಗಳು ಒಂದೇ ದಾರಿ ಹಿಡಿದದ್ದು ಒಬ್ಬರಿಂದೊಬ್ಬರು ಕಲಿತದ್ದರಿಂದಲ್ಲ. ಚಿಲ್ಲರೆ ಕಾಸು ಕೈಗೆ ಬರಬೇಕಾದರೆ ಬಾಗಿಲಿಗೆ ಹೋಗುವುದೊಂದೇ ಉಪಾಯ.

ಎಂ-ಪೆಸಾ ಅಷ್ಟಕ್ಕೇ ನಿಲ್ಲಲಿಲ್ಲ. ಹಣ ಓಡಾಡಿದ ಜಾಡು ದಾಖಲೆಯಾಗಿ ಉಳಿಯಿತು. ಯಾರಿಗೆ ಎಷ್ಟು ಬರುತ್ತದೆ, ತಿಂಗಳ ಯಾವ ದಿನ ಖಾಲಿಯಾಗುತ್ತದೆ ಎಂಬುದು ಸಫಾರಿಕಾಂಗೆ ಗೊತ್ತಾಗುತ್ತ ಹೋಯಿತು. 2012ರ ನವೆಂಬರಿನಲ್ಲಿ ಕಮರ್ಷಿಯಲ್ ಬ್ಯಾಂಕ್ ಆಫ್ ಆಫ್ರಿಕಾ ಜೊತೆ ಸೇರಿ ಎಂ-ಶ್ವಾರಿ ತಂದಿತು. ಅಡಮಾನವಿಲ್ಲ, ಅರ್ಜಿಯಿಲ್ಲ, ಫೋನಿನ ಚರಿತ್ರೆ ನೋಡಿ 30 ದಿನದ ಸಾಲ, ಅದಕ್ಕೆ ಶೇ. 7.5 ಶುಲ್ಕ. 2019ರ ಜನವರಿಯಲ್ಲಿ ಬಂದ ಫುಲಿಜಾ, ಖಾತೆಯಲ್ಲಿ ಕಡಿಮೆ ಬಿದ್ದಷ್ಟನ್ನು ಆ ಕ್ಷಣವೇ ತುಂಬಿಕೊಡುವ ಓವರ್‌ಡ್ರಾಫ್ಟ್. ಪೆನ್‌ರೋಸ್ ಪುಸ್ತಕಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ಸಿಗಲಾರದು: ಒಂದು ಸೇವೆಯ ಉಪಉತ್ಪನ್ನ ಮುಂದಿನ ಸೇವೆಯ ಕಚ್ಚಾ ಮಾಲು. ಆದರೆ ತಿಂಗಳಿಗೆ ಶೇ. 7.5 ಎಂದರೆ ವರ್ಷಕ್ಕೆ ಎಷ್ಟೆಂದು ಗುಣಿಸಿ ನೋಡಿದವರಿಗೆ ಈ ಸೊಗಸು ಅಷ್ಟು ಹಿತವಾಗಿ ಕಾಣುವುದಿಲ್ಲ. ತರಕಾರಿ ಮಾರುವ ಹೆಂಗಸಿನ ಮೂರು ವರ್ಷದ ವ್ಯವಹಾರದ ದಾಖಲೆ ಕಂಪನಿಯ ಆಸ್ತಿಯಾಯಿತು. ಅದರ ಮೇಲೆ ಸಿಕ್ಕ ಸಾಲಕ್ಕೆ ಬೆಲೆ ತೆತ್ತವಳು ಅವಳೇ.

ಇನ್ನೊಂದು ವಿಚಿತ್ರ. ಇಷ್ಟೆಲ್ಲ ನಡೆದಿದ್ದು ನೈರೋಬಿಯಲ್ಲಾದರೂ ಎಂ-ಪೆಸಾದ ಸರ್ವರುಗಳು 2015ರವರೆಗೆ ಜರ್ಮನಿಯಲ್ಲಿದ್ದವು. ಹೆಸರು ವೊಡಾಫೋನಿನದು. 2020ರ ಏಪ್ರಿಲಿನಲ್ಲಿ ಸಫಾರಿಕಾಂ, ದಕ್ಷಿಣ ಆಫ್ರಿಕಾದ ವೊಡಾಕಾಂ ಜೊತೆ ಸೇರಿ ಆ ಬ್ರ್ಯಾಂಡನ್ನು ಕೊಂಡುಕೊಳ್ಳಬೇಕಾಯಿತು. ತಾನೇ ಬೆಳೆಸಿದ್ದನ್ನು ತಾನೇ ಹಣ ಕೊಟ್ಟು ಪಡೆದದ್ದು ಆಂತರಿಕ ಬೆಳವಣಿಗೆಯ ಚರಿತ್ರೆಯಲ್ಲಿ ಗುರುತಿಟ್ಟುಕೊಳ್ಳಬೇಕಾದ ಪುಟ.

ನಕಲು ಮಾಡಲಾಗದ್ದು ಎಂದು ಬಾರ್ನಿ ಹೇಳಿದ್ದನ್ನು ಸ್ವತಃ ವೊಡಾಫೋನ್ ಬಳಗವೇ ಸಾಬೀತುಪಡಿಸಿತು, ತನಗೆ ಬೇಡವಾದ ರೀತಿಯಲ್ಲಿ. 2010ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಎಂ-ಪೆಸಾ 2016ರಲ್ಲಿ ಬಾಗಿಲು ಹಾಕಿತು. ಭಾರತಕ್ಕೆ 2013ರಲ್ಲಿ ಬಂದದ್ದು 2019ರಲ್ಲಿ ಮುಚ್ಚಿತು. ತಂತ್ರಾಂಶ ಅದೇ, ಹೆಸರು ಅದೇ. ಆದರೆ ಕೆನ್ಯಾದಲ್ಲಿ ಮಾರುಕಟ್ಟೆಯ ಬಹುಪಾಲು ಒಂದೇ ಕಂಪನಿಯ ಕೈಯಲ್ಲಿದ್ದದ್ದು, ಬ್ಯಾಂಕು ದೂರವಿದ್ದದ್ದು, ಆಕ್ಷೇಪವಿಲ್ಲ ಎಂಬ ಪತ್ರ ಕೊಟ್ಟು ಆಗಲಿ ನೋಡೋಣ ಎಂದ ಕೇಂದ್ರ ಬ್ಯಾಂಕ್, ನಗದು ಹಿಡಿದು ಕೂತ ಅಂಗಡಿಯವರು, ಇವು ಯಾವುವೂ ಪೆಟ್ಟಿಗೆಯಲ್ಲಿ ತುಂಬಿ ಹಡಗಿಗೆ ಹತ್ತಿಸುವ ಸರಕಲ್ಲ. ಕಂಪನಿಯ ಒಳಗಿನ ಶಕ್ತಿ ಎಂದುಕೊಂಡದ್ದರಲ್ಲಿ ದೊಡ್ಡ ಪಾಲು ಊರಿನ ಶಕ್ತಿಯಾಗಿತ್ತು.

ಊರಾಚೆ ಸಾಗಿಸಬಲ್ಲ ಸಂಪನ್ಮೂಲವೂ ನೈರೋಬಿಯಲ್ಲಿದೆ, ಮತ್ತು ಅದು ಸಿಗುವುದು ಯಾರೂ ನಿರೀಕ್ಷಿಸದ ಕಡೆ: ಸರ್ಕಾರದ ಪಾಲು ಹೆಚ್ಚಿರುವ ವಿದ್ಯುತ್ ಕಂಪನಿ ಕೆನ್‌ಜೆನ್‌ನಲ್ಲಿ. ನಗರದ ವಾಯವ್ಯಕ್ಕೆ, ನೈವಾಷಾ ಸರೋವರದ ಬಳಿ ಓಲ್ಕಾರಿಯಾ ಎಂಬ ಜಾಗವಿದೆ. ನೆಲದಡಿಯ ಬಿಸಿ ಉಗಿಗಾಗಿ ಅಲ್ಲಿ 1950ರ ದಶಕದಲ್ಲೇ ಬಾವಿ ಕೊರೆದು ನೋಡಿದ್ದರು. 1981ರಲ್ಲಿ 15 ಮೆಗಾವಾಟ್‌ನ ಮೊದಲ ಘಟಕ ಚಾಲೂ ಆಯಿತು. ಹಣ ಹೆಚ್ಚಾಗಿ ವಿಶ್ವಬ್ಯಾಂಕ್, ಜಪಾನ್ ಮೊದಲಾದವರ ಸಾಲ. ಆದರೆ ಎಲ್ಲಿ ಕೊರೆಯಬೇಕು, ಬಂದ ಉಗಿ ಎಷ್ಟು ಕಾಲ ಬಾಳುತ್ತದೆ, ಉಪ್ಪುನೀರನ್ನು ಮತ್ತೆ ಎಲ್ಲಿ ಇಳಿಸಬೇಕು ಎಂಬುದು ನಲವತ್ತು ವರ್ಷ ಆ ಬಂಡೆಯ ಮೇಲೆ ನಿಂತವರಿಗೆ ಮಾತ್ರ ದಕ್ಕುವ ವಿದ್ಯೆ. ಐಸ್‌ಲ್ಯಾಂಡಿನಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ ನಡೆಸುತ್ತಿದ್ದ ಭೂಶಾಖ ತರಬೇತಿಗೆ ಹೋಗಿಬಂದವರಲ್ಲಿ ಕೆನ್ಯಾದವರದೇ ದೊಡ್ಡ ಗುಂಪು.

ಕೆನ್‌ಜೆನ್ ಮಾಡಿದ ಜಾಣತನ ಎರಡು. ಬಾವಿ ಕೊರೆದು ಮುಗಿದರೂ ದೊಡ್ಡ ವಿದ್ಯುದಾಗಾರ ಎದ್ದು ನಿಲ್ಲಲು ವರ್ಷಗಳು ಬೇಕು; ಅಲ್ಲಿಯವರೆಗೆ ಕೋಟಿಗಟ್ಟಲೆ ಸುರಿದ ಬಾವಿ ಮುಚ್ಚಳ ಹಾಕಿಕೊಂಡು ಕೂರುತ್ತದೆ. ಅದರ ತಲೆಯ ಮೇಲೆಯೇ ಚಿಕ್ಕ ಉತ್ಪಾದನಾ ಘಟಕ ಕೂರಿಸಿ ಕಂಪನಿ ಕಾಯುವ ಕಾಲವನ್ನೂ ವಿದ್ಯುತ್ತಾಗಿಸಿತು. ಎರಡನೆಯದು, ತನ್ನ ಕೊರೆಯುವ ತಂಡಕ್ಕೆ ಹೊರಗೆ ಕೆಲಸ ಹುಡುಕಿತು. 2019ರಿಂದೀಚೆಗೆ ಇಥಿಯೋಪಿಯಾದಲ್ಲಿ, 2021ರಲ್ಲಿ ಜಿಬೂಟಿಯಲ್ಲಿ ಭೂಶಾಖ ಬಾವಿ ಕೊರೆಯುವ ಗುತ್ತಿಗೆಗಳನ್ನು ಹಿಡಿಯಿತು. ಒಂದು ಕಾಲಕ್ಕೆ ಹೊರದೇಶದ ತಜ್ಞರನ್ನು ಕರೆಸಿ ಕೊರೆಸಿದ ದೇಶ ನೆರೆಯವರಿಗೆ ಆ ವಿದ್ಯೆ ಮಾರತೊಡಗಿತು. (ಓಲ್ಕಾರಿಯಾದ ಬಿಸಿನೀರಿನಲ್ಲಿ ಪ್ರವಾಸಿಗರಿಗೆಂದು ಸ್ನಾನದ ಕೊಳವನ್ನೂ ಮಾಡಿದ್ದಾರೆ. ಸರ್ಕಾರಿ ಕಂಪನಿಗಳಿಗೆ ಕಲ್ಪನೆಯಿಲ್ಲ ಎನ್ನುವವರು ಒಮ್ಮೆ ಅಲ್ಲಿ ಮುಳುಗಿ ಬರಬಹುದು.) ನನ್ನ ಮಟ್ಟಿಗೆ ಸಫಾರಿಕಾಂಗಿಂತ ಇದು ಶುದ್ಧ ಉದಾಹರಣೆ. ಇಲ್ಲಿ ಸಂಪನ್ಮೂಲ ಇರುವುದು ಸಂಬಳ ಪಡೆಯುವ ನೌಕರರ ಕೈಯಲ್ಲಿ, ಅದು ಬೆಳೆದದ್ದೂ ಕಂಪನಿಯ ಕೆಲಸದಲ್ಲೇ.

ಈಕ್ವಿಟಿ ಬ್ಯಾಂಕಿನ ಕಥೆ ಕೆನ್ಯಾದಲ್ಲಿ ದಂತಕಥೆಯ ಹಾಗೆ ಚಾಲ್ತಿಯಲ್ಲಿದೆ. 1984ರಲ್ಲಿ ಪೀಟರ್ ಮುಂಗಾ ಆರಂಭಿಸಿದ ಈ ಗೃಹಸಾಲ ಸಂಸ್ಥೆ 1993ರ ಹೊತ್ತಿಗೆ ತಾಂತ್ರಿಕವಾಗಿ ದಿವಾಳಿಯಾಗಿತ್ತು; ಕೊಟ್ಟ ಸಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕಿ. ಆ ಸುಮಾರಿಗೆ ಸೇರಿದ ಜೇಮ್ಸ್ ಮ್ವಾಂಗಿ ಮತ್ತು ಸಂಗಡಿಗರು ದೀರ್ಘಾವಧಿಯ ಮನೆಸಾಲ ಬಿಟ್ಟು, ಚಹಾ ಬೆಳೆಗಾರರು, ಹಾಲು ಹಾಕುವವರು, ಪೇಟೆಯ ಸಣ್ಣ ವ್ಯಾಪಾರಿಗಳ ಕಡೆ ತಿರುಗಿದರು. ಶಾಖೆಯಿಲ್ಲದ ಊರಿಗೆ ವ್ಯಾನಿನಲ್ಲಿ ಬ್ಯಾಂಕು ಹೋಯಿತು. ಪರೀಕ್ಷೆಯಲ್ಲಿ ಮೇಲೆ ಬಂದ ಹುಡುಗ ಹುಡುಗಿಯರನ್ನು ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು ಶಾಖೆಯಲ್ಲಿ ಕೆಲಸಕ್ಕಿಟ್ಟುಕೊಂಡು ತನ್ನ ಮುಂದಿನ ಪೀಳಿಗೆಯನ್ನು ತಾನೇ ತಯಾರು ಮಾಡಿತು. ನಡೆಸುವವರ ಕೊರತೆಯೇ ಬೆಳವಣಿಗೆಯ ತಡೆ ಎಂಬ ಪೆನ್‌ರೋಸ್ ಮಾತಿಗೆ ಇದು ಸಿದ್ಧೌಷಧ. 2004ರ ಕೊನೆಗೆ ಅದು ಪೂರ್ಣ ಬ್ಯಾಂಕಾಯಿತು, 2006ರಲ್ಲಿ ಷೇರುಪೇಟೆಗೆ ಬಂತು. ಹೊರಗಿನ ದೊಡ್ಡ ಹೂಡಿಕೆ ಹೀಲಿಯೋಸ್ ಸಂಸ್ಥೆಯಿಂದ ಬಂದದ್ದು ಆಮೇಲೆ, 2007ರಲ್ಲಿ. ಈ ಕ್ರಮ ಮುಖ್ಯ. ಒಳಗಿನ ಕಟ್ಟು ಗಟ್ಟಿಯಾದ ಮೇಲೆ ಬಂದ ಹಣ ನಿಂತಿತು.

ಈ ಬ್ಯಾಂಕಿನ ಲೆಕ್ಕಪತ್ರ ನಡೆಯುವುದು ಬೆಂಗಳೂರಿನ ಇನ್ಫೋಸಿಸ್ ಕಟ್ಟಿದ ಫಿನಾಕಲ್ ತಂತ್ರಾಂಶದ ಮೇಲೆ. ಏಳು ಮಂದಿ 1981ರಲ್ಲಿ 10,000 ರೂಪಾಯಿಯಿಂದ ಆರಂಭಿಸಿ, 1993ರಲ್ಲಿ ಷೇರುಪೇಟೆಗೆ ಬಂದ ಕಂಪನಿ ಅದು. ಪರರಿಗೆ ತಂತ್ರಾಂಶ ಬರೆದುಕೊಡುತ್ತಲೇ ತನ್ನದೇ ಉತ್ಪನ್ನವೊಂದನ್ನು ಬೆಳೆಸಿಕೊಂಡದ್ದು ನೈರೋಬಿಯವರೆಗೆ ಬಂದು ತಲುಪಿದೆ.

ಇನ್ನು ಬಿದ್ದವರು. ನಾಕುಮಟ್ ಸೂಪರ್‌ಮಾರ್ಕೆಟ್ ನಕೂರು ಪಟ್ಟಣದ ಹಾಸಿಗೆ ಅಂಗಡಿಯಿಂದ ಮೇಲೆದ್ದು ಪೂರ್ವ ಆಫ್ರಿಕಾದ ನಾಲ್ಕು ದೇಶಗಳಲ್ಲಿ 60ಕ್ಕೂ ಹೆಚ್ಚು ಮಳಿಗೆ ಕಂಡಿತ್ತು. ಗ್ರಾಹಕರು ಕೊಡುವುದು ಅಂದಂದಿನ ನಗದು, ಸರಕು ಹಾಕುವವರಿಗೆ ಹಣ ಕೊಡುವುದು ತಿಂಗಳುಗಳ ನಂತರ. ಈ ನಡುವಿನ ಹಣ ಕೈಯಲ್ಲಿ ಆಡುವಾಗ ಅದು ಸ್ವಂತದ್ದೇ ಎನಿಸಿಬಿಡುತ್ತದೆ. ಆ ಹಣದಲ್ಲಿ ಹೊಸ ಮಳಿಗೆ, ಹೊಸ ಮಳಿಗೆ ತುಂಬಲು ಮತ್ತೆ ಉದ್ದರಿ ಸರಕು. 2013ರ ಸೆಪ್ಟೆಂಬರಿನಲ್ಲಿ ವೆಸ್ಟ್‌ಗೇಟ್ ಮಾಲ್ ಮೇಲೆ ಭಯೋತ್ಪಾದಕರ ದಾಳಿ ನಡೆದಾಗ ಅಲ್ಲಿನ ದೊಡ್ಡ ಮಳಿಗೆಯೂ ಹೋಯಿತು. ಆದರೆ ಕಂಪನಿಯನ್ನು ಕೆಡವಿದ್ದು ಅದೊಂದೇ ಅಲ್ಲ. ಸರಕು ಹಾಕುವವರು ಒಬ್ಬೊಬ್ಬರೇ ಕೈಬಿಟ್ಟಾಗ ಕಪಾಟುಗಳು ಬರಿದಾದವು. 2020ರ ಜನವರಿಯಲ್ಲಿ ಸಾಲ ಕೊಟ್ಟವರು ಕಂಪನಿಯನ್ನು ಮುಚ್ಚಲು ಮತ ಹಾಕಿದಾಗ ಬಾಕಿ 3,000 ಕೋಟಿ ಶಿಲ್ಲಿಂಗಿಗೂ ಹೆಚ್ಚಿತ್ತು. ಅದರಲ್ಲಿ ಬ್ಯಾಂಕುಗಳ ಜೊತೆಗೆ ಬ್ರೆಡ್ಡು, ಹಾಲು, ಸೋಪು ಹಾಕಿದ ಸಣ್ಣ ತಯಾರಕರ ಹಣವೂ ಇತ್ತು. ಇನ್ನೊಂದು ಸೂಪರ್‌ಮಾರ್ಕೆಟ್ ಸರಣಿ ಟಸ್ಕಿಸ್ ಕೂಡ ಸ್ವಲ್ಪ ಕಾಲದಲ್ಲೇ ಅದೇ ಹಾದಿ ಹಿಡಿಯಿತು.

ನಾಕುಮಟ್ ಖಾಲಿ ಬಿಟ್ಟ ಜಾಗಗಳಲ್ಲಿ ಕೆಲವನ್ನು ತುಂಬಿದ್ದು ನೈವಾಸ್. 1990ರಲ್ಲಿ ನೈವಾಷಾದ ಸಣ್ಣ ಅಂಗಡಿಯಾಗಿ ಆರಂಭವಾದ ಈ ಕುಟುಂಬದ ವ್ಯಾಪಾರದಲ್ಲಿ ಜಗಳಗಳು ಕಡಿಮೆಯೇನಿರಲಿಲ್ಲ. ದಕ್ಷಿಣ ಆಫ್ರಿಕಾದ ಮಾಸ್‌ಮಾರ್ಟ್ 2013ರಲ್ಲಿ ಕೊಳ್ಳಲು ಬಂದಾಗ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಆ ಮಾತು ಮುರಿದುಬಿತ್ತು. ಹೊರಗಿನವರು ಪಾಲು ಪಡೆದದ್ದು 2020ರಲ್ಲಿ, ಅಂದರೆ ಮೂವತ್ತು ವರ್ಷದ ನಂತರ. ವ್ಯಾಜ್ಯ ಕಂಪನಿಯನ್ನು ಉಳಿಸಿತು ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅವಸರದ ಒಂದು ಮಾರಾಟವನ್ನಂತೂ ತಪ್ಪಿಸಿತು.

ಕೆನ್ಯಾ ಏರ್‌ವೇಸ್ ಸಾಲ ಮಾಡಿ ವಿಮಾನ ತಂದು, ನಡೆಸಬಲ್ಲಷ್ಟಕ್ಕಿಂತ ವೇಗವಾಗಿ ಹಾರಲು ಹೋಗಿ 2015ರ ಮಾರ್ಚಿಗೆ ಮುಗಿದ ವರ್ಷದಲ್ಲಿ 2,570 ಕೋಟಿ ಶಿಲ್ಲಿಂಗ್ ನಷ್ಟ ತೋರಿಸಿತು. ಹೊರಗಿನ ಹೂಡಿಕೆಯಿಂದ ಬೆಳೆದ ನವೋದ್ಯಮಗಳಲ್ಲಿ ಸೆಂಡಿ 2023ರಲ್ಲಿ ನಿಂತಿತು. ಹಳ್ಳಿಯ ಅಂಗಡಿಗಳ ಮೂಲಕ ಸರಕು ಮುಟ್ಟಿಸುತ್ತಿದ್ದ ಕೋಪಿಯಾ 2024ರ ಮೇ ತಿಂಗಳಲ್ಲಿ ಆಡಳಿತಾಧಿಕಾರಿಗಳ ಕೈಸೇರಿತು. ಹಾಗೆಂದು ಹೊರಗಿನ ಹಣವೆಲ್ಲ ವಿಷ ಎನ್ನಲಾಗದು. ಬೆಳೆಯುವ ಸಂಪನ್ಮೂಲ ತಯಾರಾಗುವ ಮೊದಲೇ ಬಂದ ಹಣ ಮಾತ್ರ ಅದನ್ನು ತಯಾರಾಗಲು ಬಿಡುವುದಿಲ್ಲ.

ನೈರೋಬಿಯ ಕಮುಕುಂಜಿಯಲ್ಲಿರುವ ತಗಡು ಕೆಲಸದವರ ಬಗ್ಗೆ ಎರಡು ಮಾತು ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಹಳೆಯ ಡ್ರಮ್ಮು, ಗುಜರಿ ತಗಡಿನಿಂದ ಒಲೆ, ಪೆಟ್ಟಿಗೆ, ಕೈಗಾಡಿ ಬಡಿದು ಮಾಡುವ ಈ ಜನರಿಗೆ ಬ್ಯಾಂಕು ಇಲ್ಲ. ವಾರವಾರ ಹಣ ಹಾಕಿ ಸರದಿಯಂತೆ ಎತ್ತಿಕೊಳ್ಳುವ ಚಾಮಾ ಇದೆ, ನಮ್ಮ ಚೀಟಿಯ ಹಾಗೆ. ಅವರಲ್ಲಿ ಕೌಶಲದ ಕೊರತೆಯಿಲ್ಲ. ಆದರೂ ಬಹುಪಾಲು ಮಳಿಗೆಗಳು ಚಿಕ್ಕವಾಗಿಯೇ ಉಳಿಯುತ್ತವೆ. ಕಲಿತ ಹುಡುಗ ಪಕ್ಕದಲ್ಲೇ ತನ್ನ ಬಡಿಗಲ್ಲು ಇಟ್ಟುಕೊಳ್ಳುತ್ತಾನೆ, ಉಸ್ತಾದನ ಅನುಭವ ಒಂದು ಕಂಪನಿಯಾಗಿ ಕೂಡಿಬರುವುದಿಲ್ಲ. ಇದನ್ನು ಸೋಲು ಎನ್ನಬೇಕೇ? ಅನುಭವ ಇಲ್ಲಿ ಅದನ್ನು ಗಳಿಸಿದವನ ಹತ್ತಿರವೇ ಉಳಿಯುತ್ತದಲ್ಲ.

ಸಫಾರಿಕಾಂ ಈಗ ಗಡಿ ದಾಟಿದೆ. 2021ರಲ್ಲಿ ಪಾಲುದಾರರೊಂದಿಗೆ 85 ಕೋಟಿ ಡಾಲರಿಗೆ ಇಥಿಯೋಪಿಯಾದ ಪರವಾನಗಿ ಪಡೆದು ಮರುವರ್ಷ ಸೇವೆ ಆರಂಭಿಸಿತು. ಅಲ್ಲಿನ ಖರ್ಚು ಕೆನ್ಯಾದ ಲಾಭವನ್ನು ಕೊರೆಯುತ್ತ ಬಂದಿದೆ. ಊರಿನಲ್ಲಿಯೂ ಒಂದು ಪ್ರಶ್ನೆ ಕಾದಿದೆ. ಎಂ-ಪೆಸಾವನ್ನು ದೂರವಾಣಿ ಕಂಪನಿಯಿಂದ ಬೇರ್ಪಡಿಸಬೇಕೆಂಬ ಒತ್ತಾಯ ಕೆಲವು ವರ್ಷಗಳಿಂದ ನಡೆದಿದ್ದು, ಕೇಂದ್ರ ಬ್ಯಾಂಕ್ ಅದರ ಪರವಾಗಿದೆ. ಪಾಲು ಮಾಡುವಾಗ ಗೋಪುರಗಳು, ಸಿಮ್ಮುಗಳು ಒಂದು ಕಡೆ, ತಂತ್ರಾಂಶ, ಪರವಾನಗಿ ಇನ್ನೊಂದು ಕಡೆ ಎಂದು ಬರೆಯುವುದು ವಕೀಲರಿಗೆ ಕಷ್ಟವಲ್ಲ. ಎರಡು ಲಕ್ಷ ಅಂಗಡಿಗಳನ್ನು ಯಾವ ಕಡೆಯ ಆಸ್ತಿಪಟ್ಟಿಗೆ ಸೇರಿಸುತ್ತಾರೆ ಎಂಬುದನ್ನು ನೋಡಬೇಕು. ಅಂಗಡಿಯವರನ್ನು ಈವರೆಗೆ ಆ ಮಾತುಕತೆಗೆ ಯಾರೂ ಕರೆದಂತಿಲ್ಲ.